ಮತದಾನದ ಪೂರ್ವಸಿದ್ಧತೆ : ಒಂದು ಅಧ್ಯಯನ

ಚುನಾವಣೆಯೆಂದೊಡನೆ ಜನರ ಕಣ್ಮುಂದೆ ಬಂದು ನಿಲ್ಲುವುದು ಸಭೆ, ಭಾಷಣ, ಮೆರವಣಿಗೆಗಳು. ಕೊನೆಗೆ ಎಣಿಕೆಯ ದಿನದ ಕುತೂಹಲ. ಹೊಲವನ್ನು ಹದಗೊಳಿಸದೆ ಬಿತ್ತಿದ ಬೀಜ ಮೊಳೆಯದೆಂಬುದನ್ನು ಬಲ್ಲ ಒಕ್ಕಲಿಗನಂತೆ, ಮತದಾನದ ಫಲವನ್ನು ನಿಜವಾಗಿ ನಿರ್ಧರಿಸುವುದು ಅದಕ್ಕೆ ಮುನ್ನ ನಡೆಯುವ ಸಿದ್ಧತೆ ಎಂಬುದನ್ನು ಅನುಭವಸ್ಥರು ಬಲ್ಲರು. ಮತದಾರರ ಪಟ್ಟಿ, ಮತಗಟ್ಟೆ, ಮತಪತ್ರ, ಶಾಯಿ, ಅರಗು, ಮೊಹರು ಇವು ನೋಡಲು ಅಲ್ಪ ವಸ್ತುಗಳು. ಆದರೆ ಇವುಗಳಲ್ಲಿ ಒಂದು ತಪ್ಪಿದರೂ ಅರ್ಹನಾದವನು ಮತ ಕಳೆದುಕೊಳ್ಳುತ್ತಾನೆ, ಇಲ್ಲವೆ ಅನರ್ಹನಾದವನು ಮತ ಹಾಕಿ ಹೋಗುತ್ತಾನೆ. ನಮ್ಮ ದೇಶದ ಮತಗಟ್ಟೆಗಳಲ್ಲಿ ಬಹುಪಾಲು ಶಾಲೆಯ ಕೊಠಡಿಗಳೇ ಆಗಿರುವುದರಿಂದಲೂ, ಮತಗಟ್ಟೆಯ ಹೊಣೆ ಹೊರುವವರಲ್ಲಿ ಶಿಕ್ಷಕರ ಸಂಖ್ಯೆಯೇ ದೊಡ್ಡದಾಗಿರುವುದರಿಂದಲೂ ಈ ವಿಷಯ ವಿದ್ಯಾಸಂಸ್ಥೆಗಳಿಗೆ ಹೊರಗಿನದಲ್ಲ.

ಮೊದಲ ಮಹಾಚುನಾವಣೆ

ಭಾರತದ ಚುನಾವಣಾ ಆಯೋಗ ಸ್ಥಾಪನೆಯಾದುದು 1950ರ ಜನವರಿ 25ರಂದು. ಅದೇ ವರ್ಷ ಮಾರ್ಚಿಯಲ್ಲಿ ಸುಕುಮಾರ ಸೇನ್ ಅವರು ಪ್ರಥಮ ಮುಖ್ಯ ಚುನಾವಣಾ ಆಯುಕ್ತರಾದರು. ಅವರ ಮುಂದಿದ್ದ ಕಾರ್ಯ ಅಸಾಧಾರಣವಾದುದು. ಮತದಾರರು 17 ಕೋಟಿಗೂ ಮಿಕ್ಕಿದ್ದರು. ಅವರಲ್ಲಿ ಬಹುಸಂಖ್ಯಾತರು ಅಕ್ಷರ ಬಲ್ಲವರಲ್ಲ. ಆದುದರಿಂದ ಹೆಸರನ್ನು ಓದದೆಯೂ ಆಯ್ಕೆ ಮಾಡಲು ಬರುವಂತೆ ಪಕ್ಷಗಳಿಗೆ ಚಿಹ್ನೆಗಳನ್ನು ಹಂಚಲಾಯಿತು. ಪ್ರತಿಯೊಬ್ಬ ಅಭ್ಯರ್ಥಿಗೂ ಪ್ರತ್ಯೇಕ ಪೆಟ್ಟಿಗೆಯನ್ನಿರಿಸಿ, ಅದರ ಮೇಲೆ ಅವನ ಚಿಹ್ನೆಯನ್ನು ಅಂಟಿಸುವ ಏರ್ಪಾಟಾಯಿತು. ಮತದಾರನು ಮರೆಯೊಳಗೆ ಹೋಗಿ, ಒಂದು ರೂಪಾಯಿ ನೋಟಿನ ಗಾತ್ರದ ಮತಪತ್ರವನ್ನು ತನಗೆ ಒಪ್ಪಿದ ಪೆಟ್ಟಿಗೆಯಲ್ಲಿ ಹಾಕಬೇಕಾಗಿತ್ತು. ಈ ಪತ್ರಗಳು ನಾಸಿಕದ ಸರ್ಕಾರಿ ಭದ್ರತಾ ಮುದ್ರಣಾಲಯದಲ್ಲಿ ಅಚ್ಚಾದವು.

ಹೀಗಾಗಿ ಸುಮಾರು ಎರಡು ಲಕ್ಷ ಮತಗಟ್ಟೆಗಳಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉಕ್ಕಿನ ಪೆಟ್ಟಿಗೆಗಳು ಬೇಕಾದವು. ಇವುಗಳಿಗೆ ತಗುಲಿದ ಉಕ್ಕು 8,200 ಟನ್ನುಗಳಷ್ಟೆಂದು ಹೇಳಲಾಗಿದೆ. ಹಿಮಾಚಲದ ಚಿನಿ ಪ್ರದೇಶದಲ್ಲಿ 1951ರ ಅಕ್ಟೋಬರ್ 25ರಂದೇ ಮತದಾನ ನಡೆಸಲಾಯಿತು. ಹಿಮ ಬಿದ್ದು ಕಣಿವೆಗಳ ದಾರಿ ಮುಚ್ಚಿಹೋಗುವ ಮುನ್ನ ಕಾರ್ಯ ಮುಗಿಯಬೇಕಿತ್ತು. ದೇಶದ ಉಳಿದ ಭಾಗಗಳಲ್ಲಿ ಅದು 1952ರ ಫೆಬ್ರುವರಿಯವರೆಗೆ ನಡೆಯಿತು. ಋತುಮಾನವನ್ನು ಅರಿತು ದಿನಾಂಕ ಗೊತ್ತುಪಡಿಸುವುದೂ ಸಿದ್ಧತೆಯ ಅಂಗವೇ ಎಂಬ ಪಾಠ ಇಲ್ಲಿಂದಲೇ ಮೊದಲಾಯಿತು.

ಆ ಚುನಾವಣೆಯ ಅತ್ಯಂತ ಕಹಿಯಾದ ಪಾಠ ಪೆಟ್ಟಿಗೆಯದಲ್ಲ, ಪಟ್ಟಿಯದು. ಅನೇಕ ಪ್ರಾಂತ್ಯಗಳಲ್ಲಿ ಹೆಂಗಸರು ಪರರಿಗೆ ತಮ್ಮ ಹೆಸರು ಹೇಳುವ ರೂಢಿಯಿರಲಿಲ್ಲ. ‘ಇಂಥವನ ತಾಯಿ’, ‘ಇಂಥವನ ಹೆಂಡತಿ’ ಎಂದೇ ಬರೆಸಿದರು. ಹೆಸರಿಲ್ಲದ ವ್ಯಕ್ತಿಯನ್ನು ಮತದಾರಳೆಂದು ಗುರುತಿಸುವುದು ಸಾಧ್ಯವಿಲ್ಲವೆಂದು ಸೇನ್ ಅವರು ನಿಷ್ಠುರವಾಗಿ ನಿಂತರು. ಸುಮಾರು 28 ಲಕ್ಷ ಸ್ತ್ರೀಯರ ಹೆಸರುಗಳು ಪಟ್ಟಿಯಿಂದ ಬಿಟ್ಟುಹೋದವು. ಅಷ್ಟು ಮಂದಿ ಮತಗಟ್ಟೆಯ ಬಾಗಿಲಿಗೆ ಬರುವ ಮೊದಲೇ ಮತವನ್ನು ಕಳೆದುಕೊಂಡಿದ್ದರು. ಮುಂದಿನ ಚುನಾವಣೆಯ ಹೊತ್ತಿಗೆ ಸ್ಥಿತಿ ಬಹುಮಟ್ಟಿಗೆ ಸುಧಾರಿಸಿತಾದರೂ, ಬರೆಯುವವನ ಲೇಖನಿಯ ತುದಿಯಲ್ಲಿ ಒಬ್ಬ ಪ್ರಜೆಯ ಹಕ್ಕು ನಿಂತಿದೆಯೆಂಬ ಎಚ್ಚರಿಕೆಯನ್ನು ಈ ಪ್ರಸಂಗ ಶಾಶ್ವತವಾಗಿ ಉಳಿಸಿದೆ.

ಪೆಟ್ಟಿಗೆಯಿಂದ ಪತ್ರಕ್ಕೆ, ಪತ್ರದಿಂದ ಯಂತ್ರಕ್ಕೆ

ಅಭ್ಯರ್ಥಿಗೊಂದು ಪೆಟ್ಟಿಗೆಯ ಪದ್ಧತಿಯಲ್ಲಿ ಎರಡು ದೋಷಗಳಿದ್ದವು. ಅಭ್ಯರ್ಥಿಗಳು ಹೆಚ್ಚಿದಂತೆಲ್ಲ ಪೆಟ್ಟಿಗೆಗಳೂ ಹೆಚ್ಚುತ್ತಿದ್ದವು, ಇದು ಮೊದಲನೆಯದು. ಮತದಾರನು ಪತ್ರವನ್ನು ಪೆಟ್ಟಿಗೆಗೆ ಹಾಕದೆ ಜೇಬಿನಲ್ಲಿಟ್ಟುಕೊಂಡು ಹೊರಗೆ ತಂದು ಮಾರಿಕೊಂಡರೂ ಒಳಗೆ ಕುಳಿತವರಿಗೆ ತಿಳಿಯುತ್ತಿರಲಿಲ್ಲ. ಇದು ಎರಡನೆಯದು ಮತ್ತು ಹೆಚ್ಚು ಗಂಭೀರವಾದುದು. ಆದುದರಿಂದ 1962ರ ಮಹಾಚುನಾವಣೆಯಿಂದ ಎಲ್ಲ ಅಭ್ಯರ್ಥಿಗಳ ಹೆಸರು, ಚಿಹ್ನೆಗಳಿರುವ ಒಂದೇ ಮತಪತ್ರ ವ್ಯಾಪಕವಾಗಿ ಬಳಕೆಗೆ ಬಂದಿತು. ಮತದಾರನು ಮುದ್ರೆಯೊತ್ತಿ, ಪತ್ರವನ್ನು ಮಡಚಿ, ಎಲ್ಲರೆದುರಿನಲ್ಲಿರುವ ಒಂದೇ ಪೆಟ್ಟಿಗೆಗೆ ಹಾಕತೊಡಗಿದನು. ಪತ್ರವನ್ನು ಮೊದಲು ಉದ್ದಕ್ಕೆ, ಅನಂತರ ಅಡ್ಡಕ್ಕೆ ಮಡಚಬೇಕೆಂಬ ನಿಯಮವಿತ್ತು. ಹಸಿಯಾದ ಮುದ್ರೆಯ ಮಸಿ ಮತ್ತೊಂದು ಚಿಹ್ನೆಗೆ ತಗುಲಿ ಮತವೇ ಅಸಿಂಧುವಾಗಬಾರದೆಂಬುದು ಅದರ ಉದ್ದೇಶ. ಮಡಿಕೆಯ ಕ್ರಮದಲ್ಲಿಯೂ ಇಷ್ಟು ವಿಚಾರ ಅಡಗಿತ್ತು.

ಈ ಪದ್ಧತಿಯ ಮಿತಿಯನ್ನು ಕನ್ನಡನಾಡು ಕಣ್ಣಾರೆ ಕಂಡಿತು. 1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರವೊಂದರಲ್ಲಿಯೇ 456 ಅಭ್ಯರ್ಥಿಗಳು ಕಣದಲ್ಲಿದ್ದರು. ಅದೇ ವರ್ಷ ತಮಿಳುನಾಡಿನ ಮೊಡಕ್ಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ 1,033 ಮಂದಿ ಸ್ಪರ್ಧಿಸಿದಾಗ ಮತಪತ್ರವು ಪುಸ್ತಕದ ರೂಪ ತಾಳಿತು. ಆಗ ಲೋಕಸಭೆಗೆ ಠೇವಣಿ ಕೇವಲ 500 ರೂಪಾಯಿ. ಅದೇ ವರ್ಷ ಕಾನೂನು ತಿದ್ದುಪಡಿಯಾಗಿ ಅದು 10,000 ರೂಪಾಯಿಗೇರಿತು.

ಮತಯಂತ್ರದ ಇತಿಹಾಸವೂ ಬೋಧಪ್ರದವಾದುದು. 1982ರ ಮೇ 19ರಂದು ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಯಂತ್ರವನ್ನು ಪ್ರಥಮವಾಗಿ ಬಳಸಲಾಯಿತು. ಯಂತ್ರ ಸಿದ್ಧವಾಗಿತ್ತು, ಸಿಬ್ಬಂದಿ ಸಿದ್ಧರಾಗಿದ್ದರು. ಕಾನೂನು ಮಾತ್ರ ಸಿದ್ಧವಾಗಿರಲಿಲ್ಲ. ಯಂತ್ರದ ಮೂಲಕ ಮತದಾನಕ್ಕೆ ಶಾಸನದಲ್ಲಿ ಅವಕಾಶವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ತೀರ್ಪಿತ್ತು, ಆ ಗಟ್ಟೆಗಳ ಮತದಾನವನ್ನು ರದ್ದುಗೊಳಿಸಿತು. 1988ರ ಡಿಸೆಂಬರಿನಲ್ಲಿ ಪ್ರಜಾಪ್ರಾತಿನಿಧ್ಯ ಕಾಯಿದೆಗೆ ತಿದ್ದುಪಡಿ ತಂದ ಮೇಲೆಯೇ ದಾರಿ ತೆರೆಯಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಸಂಸ್ಥೆಗಳು ತಯಾರಿಸಿದ ಈ ಯಂತ್ರಗಳು 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಕ್ಷೇತ್ರಗಳನ್ನೂ ಮುಟ್ಟಿದವು. ತಾನು ಒತ್ತಿದ ಚಿಹ್ನೆಯನ್ನು ಮತದಾರನು ಏಳು ಸೆಕೆಂಡುಗಳ ಕಾಲ ಚೀಟಿಯಲ್ಲಿ ಕಂಡು ಖಾತ್ರಿಪಡಿಸಿಕೊಳ್ಳುವ ವಿವಿಪ್ಯಾಟ್ ಸಾಧನ 2013ರಲ್ಲಿ ನಾಗಾಲ್ಯಾಂಡಿನ ನೊಕ್ಸೆನ್ ಕ್ಷೇತ್ರದಲ್ಲಿ ಮೊದಲುಗೊಂಡು, 2019ರಲ್ಲಿ ಎಲ್ಲ ಮತಗಟ್ಟೆಗಳಿಗೂ ಬಂದಿತು.

ಮೈಸೂರಿನ ಶಾಯಿ

ಒಬ್ಬನು ಎರಡು ಬಾರಿ ಮತ ಹಾಕದಂತೆ ತಡೆಯುವ ಅಳಿಸಲಾಗದ ಶಾಯಿ ಕನ್ನಡಿಗರಿಗೆ ಅಭಿಮಾನದ ವಸ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಕಾಡಿನ ಅರಗನ್ನು ಆಧಾರವಾಗಿಟ್ಟುಕೊಂಡು ಆರಂಭವಾದ ಮೈಸೂರು ಲ್ಯಾಕ್ ಅಂಡ್ ಪೇಂಟ್ ಕಾರ್ಖಾನೆ ಸ್ವಾತಂತ್ರ್ಯಾನಂತರ ಸರ್ಕಾರಿ ಉದ್ಯಮವಾಯಿತು. 1989ರಲ್ಲಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರು ಪಡೆಯಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸೂತ್ರದಂತೆ ಶಾಯಿಯನ್ನು ತಯಾರಿಸುವ ಹೊಣೆ 1962ರಲ್ಲಿ ಈ ಕಾರ್ಖಾನೆಗೆ ಬಂದಿತು. ಅನೇಕ ಹೊರದೇಶಗಳಿಗೂ ಇಲ್ಲಿಂದಲೇ ಶಾಯಿ ಹೋಗಿದೆ. ಇದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದೊಡನೆ ಬೆರೆತು ಬೆಳಕು ತಗುಲಿದೊಡನೆ ಕಪ್ಪಾಗುತ್ತದೆ. ಸಾಬೂನು, ಎಣ್ಣೆಗಳಿಗೆ ಜಗ್ಗದು. ಚರ್ಮ ಮತ್ತು ಉಗುರು ಹೊಸದಾಗಿ ಬೆಳೆದಾಗಲೇ ಗುರುತು ಮಾಯುವುದು.

ಇಂತಹ ಶಾಯಿಯೂ ಬಾಟಲಿಯಿಂದ ಚೆಲ್ಲಿಹೋದರೆ ನಿರರ್ಥಕ. ಆದುದರಿಂದ ಸಣ್ಣ ಬಟ್ಟಲಿನಲ್ಲಿ ಮರಳು ತುಂಬಿ ಅದರ ನಡುವೆ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಬೇಕೆಂದು ಅಧಿಕಾರಿಗಳಿಗೆ ಸೂಚನೆಯಿದೆ. ವಿಜ್ಞಾನಿಗಳ ಸಂಶೋಧನೆಯನ್ನು ಕೊನೆಗೆ ಕಾಪಾಡುವುದು ಒಂದು ಹಿಡಿ ಮರಳು!

ಮತಗಟ್ಟೆಯ ಕೊಠಡಿ

1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಮತಗಟ್ಟೆಗಳನ್ನು ಏರ್ಪಡಿಸುವುದು ಜಿಲ್ಲಾ ಚುನಾವಣಾಧಿಕಾರಿಗಳ ಕರ್ತವ್ಯ. ಅದಕ್ಕೆ ಆಯೋಗದ ಪೂರ್ವಾನುಮತಿ ಬೇಕು. ಮತದಾರನು ಬಹುದೂರ ನಡೆಯಬಾರದು, ಕೊಠಡಿ ನೆಲಮಟ್ಟದಲ್ಲಿರಬೇಕು, ನೀರು, ನೆರಳು, ಬೆಳಕು, ಶೌಚಾಲಯಗಳಿರಬೇಕು, ಗಾಲಿಕುರ್ಚಿಗೆ ಇಳಿಜಾರು ದಾರಿಯಿರಬೇಕು. ಒಂದೇ ಬಾಗಿಲಿದ್ದರೆ ಬಿದಿರು, ಹಗ್ಗಗಳಿಂದ ಒಳಬರುವ ಮತ್ತು ಹೊರಹೋಗುವ ದಾರಿಗಳನ್ನು ಬೇರ್ಪಡಿಸಬೇಕು. ಮತದಾನದ ಮರೆಯ ಹಿಂದೆ ಕಿಟಕಿಯಿದ್ದರೆ ಮುಚ್ಚಬೇಕು. ಇಣುಕಿ ನೋಡುವ ಒಂದು ಕಣ್ಣು ಗೋಪ್ಯತೆಯನ್ನು ಕೆಡಿಸಬಲ್ಲದು. ಚುನಾವಣೆಗೆ ಸಂಬಂಧವುಳ್ಳ ನಾಯಕರ ಚಿತ್ರಗಳಾಗಲಿ ಘೋಷಣೆಗಳಾಗಲಿ ಗೋಡೆಯ ಮೇಲಿದ್ದರೆ ತೆಗೆಯಬೇಕು ಅಥವಾ ಮರೆಮಾಡಬೇಕು. ಗಟ್ಟೆಯಿಂದ ನೂರು ಮೀಟರ್ ಒಳಗೆ ಮತಯಾಚನೆ ಅಪರಾಧ. ಆದುದರಿಂದ ಹಿಂದಿನ ದಿನವೇ ಗೆರೆ ಎಳೆಯಬೇಕು.

ಈ ನಿಯಮಗಳ ಹಿಂದಿರುವ ತತ್ತ್ವ, ಗಟ್ಟೆಯು ಮತದಾರನ ಬಳಿಗೆ ಹೋಗಬೇಕೆಂಬುದು. ಗುಜರಾತಿನ ಗಿರ್ ಅರಣ್ಯದ ಬಾನೇಜ್‌ನಲ್ಲಿ ಒಬ್ಬನೇ ಮತದಾರನಿಗಾಗಿ ಪೂರ್ಣ ಸಿಬ್ಬಂದಿಯ ಮತಗಟ್ಟೆ ತೆರೆಯಲಾಗಿದೆ. 2023ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ 80 ವರ್ಷ ದಾಟಿದ ಹಿರಿಯರಿಗೂ ಅಂಗವಿಕಲರಿಗೂ ಇಚ್ಛಿಸಿದಲ್ಲಿ ಮನೆಯಲ್ಲಿಯೇ ಮತ ಹಾಕುವ ಅವಕಾಶ ದೊರೆಯಿತು.

ಹಿಂದಿನ ದಿನ ಮತ್ತು ಮುಂಜಾವು

ಮತದಾನದ ಹಿಂದಿನ ದಿನ ತಾಲ್ಲೂಕಿನ ಮಸ್ಟರಿಂಗ್ ಕೇಂದ್ರದಲ್ಲಿ ಸಿಬ್ಬಂದಿಗೆ ಸಾಮಗ್ರಿ ಹಂಚಿಕೆಯಾಗುತ್ತದೆ. ಮತಗಟ್ಟೆಯ ಅಧ್ಯಕ್ಷಾಧಿಕಾರಿಯು ಅಲ್ಲಿಯೇ ಕುಳಿತು ಪ್ರತಿ ವಸ್ತುವನ್ನೂ ಪಟ್ಟಿಯೊಡನೆ ತಾಳೆ ನೋಡಬೇಕು. ಯಂತ್ರದ ಕ್ರಮಸಂಖ್ಯೆ ತನ್ನ ಗಟ್ಟೆಗೆ ಗೊತ್ತುಪಡಿಸಿದುದೇ, ಮತದಾರರ ಪಟ್ಟಿ ತನ್ನ ಭಾಗದ್ದೇ, ಪೂರಕ ಪಟ್ಟಿ ಸೇರಿದೆಯೆ, 17-ಎ ನಮೂನೆಯ ಮತದಾರರ ದಾಖಲೆ ಪುಸ್ತಕ, ಹಸಿರು ಕಾಗದದ ಮೊಹರು, ಅರಗು, ಲೋಹದ ಮುದ್ರೆ ಇವೆಯೆ ಎಂದು ನೋಡಬೇಕು. ಟೆಂಡರ್ಡ್ ಮತಪತ್ರಗಳನ್ನು ಮರೆಯುವುದು ಸುಲಭ, ಮರೆತರೆ ಅನ್ಯಾಯ. ಏಕೆಂದರೆ ತನ್ನ ಹೆಸರಿನಲ್ಲಿ ಆಗಲೇ ಬೇರೆಯವರು ಮತ ಹಾಕಿದ್ದಾರೆಂದು ತಿಳಿದು ನಿರಾಶನಾದ ನಿಜವಾದ ಮತದಾರನಿಗೆ, ತನ್ನ ಗುರುತನ್ನು ಸಮರ್ಥಿಸಿಕೊಂಡ ಮೇಲೆ, ಕಾನೂನು ಕೊಡುವ ಆಸರೆ ಈ ಪತ್ರವೊಂದೇ. ಊರು ಮುಟ್ಟಿದ ಮೇಲೆ ಸಿಬ್ಬಂದಿ ಅಲ್ಲಿಯೇ ತಂಗುತ್ತಾರೆ. ಯಾರ ಆತಿಥ್ಯವನ್ನೂ ಸ್ವೀಕರಿಸುವಂತಿಲ್ಲ. ಬಂದವರಿಗೆ ಉಣಬಡಿಸದೆ ಇರಲಾರದ ನಮ್ಮ ಹಳ್ಳಿಗಳಲ್ಲಿ ಇದು ಕಠಿಣವಾದ ನಿಯಮ. ಆದರೂ ಒಬ್ಬರ ಮನೆಯ ಊಟ ಮತ್ತೊಬ್ಬರ ಸಂಶಯಕ್ಕೆ ಬೀಜವಾದೀತು.

ಬೆಳಗಿನ ಜಾವ, ಮತದಾನ ಆರಂಭಕ್ಕೆ 90 ನಿಮಿಷ ಮುಂಚೆ, ಅಭ್ಯರ್ಥಿಗಳ ಏಜೆಂಟರ ಸಮ್ಮುಖದಲ್ಲಿ ಅಣಕು ಮತದಾನ ನಡೆಯುತ್ತದೆ. ಕನಿಷ್ಠ 50 ಮತಗಳನ್ನು ಹಾಕಿ, ಯಂತ್ರದ ಫಲಿತಾಂಶವನ್ನು ಚೀಟಿಗಳ ಎಣಿಕೆಯೊಡನೆ ಹೋಲಿಸಬೇಕು. ಅನಂತರ ಆ ಮತಗಳನ್ನು ಅಳಿಸಿ, ಚೀಟಿಗಳನ್ನು ಹೊರತೆಗೆದು ಕಪ್ಪು ಲಕೋಟೆಯಲ್ಲಿ ಮೊಹರು ಮಾಡಿ, ಯಂತ್ರದ ಲೆಕ್ಕ ಸೊನ್ನೆಯೆಂದೂ ಚೀಟಿಯ ಪೆಟ್ಟಿಗೆ ಬರಿದೆಂದೂ ಏಜೆಂಟರಿಗೆ ತೋರಿಸಬೇಕು. ಹಸಿರು ಮೊಹರಿನ ಮೇಲೆ ಅವರೂ ಸಹಿ ಹಾಕಬಹುದು. ಅಳಿಸುವ ಈ ಒಂದು ಗುಂಡಿಯನ್ನು ಒತ್ತಲು ಮರೆತರೆ ಅಣಕು ಮತಗಳು ನೈಜ ಮತಗಳೊಡನೆ ಬೆರೆತು, 17-ಸಿ ನಮೂನೆಯ ಲೆಕ್ಕಕ್ಕೂ ಯಂತ್ರದ ಲೆಕ್ಕಕ್ಕೂ ತಾಳೆಯಾಗದೆ ಇಡೀ ಗಟ್ಟೆಯ ಮತದಾನ ವಿವಾದಕ್ಕೆ ಬೀಳುತ್ತದೆ.

ಸಿದ್ಧತೆಯ ಬೆಲೆ

2024ರ ಲೋಕಸಭಾ ಚುನಾವಣೆಗೆ ಆಯೋಗವು ಪ್ರಕಟಿಸಿದ ಲೆಕ್ಕದಂತೆ ಮತದಾರರು ಸುಮಾರು 97 ಕೋಟಿ, ಮತಗಟ್ಟೆಗಳು ಹತ್ತು ಲಕ್ಷಕ್ಕೂ ಮಿಕ್ಕು, ಸಿಬ್ಬಂದಿ ಸುಮಾರು ಒಂದೂವರೆ ಕೋಟಿ. ಇಷ್ಟು ವಿಸ್ತಾರವಾದ ವ್ಯವಸ್ಥೆಯಲ್ಲಿ ಒಂದು ಗಟ್ಟೆಯ, ಒಂದು ಮತದ ಬೆಲೆ ಏನೆಂದು ಯಾರಾದರೂ ಕೇಳಬಹುದು. ಉತ್ತರ ಚಾಮರಾಜನಗರ ಜಿಲ್ಲೆಯಲ್ಲಿದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ. ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳು ಬಂದವು. ಒಂದೇ ಮತ ಒಬ್ಬ ಶಾಸಕರನ್ನು ಆರಿಸಿತು.

ಅದೇ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಇಂಡಿಗನತ್ತ ಗ್ರಾಮದಲ್ಲಿ 2024ರ ಏಪ್ರಿಲ್ 26ರಂದು, ಮೂಲಸೌಕರ್ಯಗಳಿಲ್ಲವೆಂಬ ಅಸಮಾಧಾನದಿಂದ ಎದ್ದ ಮತದಾನ ಬಹಿಷ್ಕಾರ ಗಲಭೆಗೆ ತಿರುಗಿ, ಮತಯಂತ್ರ ಹಾಳಾಯಿತು. 29ರಂದು ಮರುಮತದಾನ ನಡೆಸಬೇಕಾಯಿತು. ಯಂತ್ರ, ಮೊಹರು, ಶಾಯಿಗಳೆಲ್ಲ ಸಿದ್ಧವಿದ್ದರೂ ರಸ್ತೆ, ನೀರುಗಳಿಗಾಗಿ ಕಾದು ಬೇಸತ್ತ ಜನರ ಮನಸ್ಸು ಸಿದ್ಧವಾಗಿರಲಿಲ್ಲ. ಸಾಮಗ್ರಿಯ ಸಿದ್ಧತೆ ಕೆಲವು ವಾರಗಳ ಕೆಲಸ. ವಿಶ್ವಾಸದ ಸಿದ್ಧತೆ ಐದು ವರ್ಷಗಳ ಕೆಲಸವೆಂಬುದನ್ನು ಈ ಘಟನೆ ಆಡಳಿತಕ್ಕೆ ನೆನಪಿಸಿಕೊಟ್ಟಿದೆ.

ಶಾಲೆಗಳ ಪಾತ್ರ ಇಲ್ಲಿ ಸ್ಪಷ್ಟವಾಗುತ್ತದೆ. ದಾನಿಗಳು ಕಟ್ಟಿಸಿಕೊಟ್ಟ ಕೊಠಡಿ, ಇಳಿಜಾರು ದಾರಿ, ಕುಡಿಯುವ ನೀರಿನ ತೊಟ್ಟಿ ವರ್ಷವೆಲ್ಲ ಮಕ್ಕಳಿಗೆ ಒದಗಿ, ಚುನಾವಣೆಯ ದಿನ ಊರಿನ ವೃದ್ಧರಿಗೂ ಅಶಕ್ತರಿಗೂ ಒದಗುತ್ತವೆ. ಹಾಜರಿ ಪುಸ್ತಕದಲ್ಲಿ ಒಂದು ಹೆಸರೂ ತಪ್ಪದಂತೆ ಬರೆಯುವ ಶಿಕ್ಷಕನ ಅಭ್ಯಾಸವೇ ಮತದಾರರ ಪಟ್ಟಿಯ ಮುಂದೆ ಕುಳಿತಾಗ ಪ್ರಜೆಯ ಹಕ್ಕನ್ನು ಕಾಯುತ್ತದೆ. ಬಡವ ಬಲ್ಲಿದರು ಒಂದೇ ಸಾಲಿನಲ್ಲಿ ನಿಲ್ಲುವ, ಎಲ್ಲರ ಬೆರಳಿಗೂ ಒಂದೇ ಶಾಯಿ ಹತ್ತುವ ಆ ದಿನದ ಸಮತೆ ತಾನಾಗಿ ಬರುವುದಿಲ್ಲ. ಹಿಂದಿನ ರಾತ್ರಿ ಲಾಟೀನಿನ ಬೆಳಕಿನಲ್ಲೋ ವಿದ್ಯುದ್ದೀಪದ ಬೆಳಕಿನಲ್ಲೋ ಕುಳಿತು ಮೊಹರುಗಳನ್ನು ಎಣಿಸಿದ, ಹೆಸರು ತಿಳಿಯದ ಸಾವಿರಾರು ಜನರ ಶ್ರದ್ಧೆಯಿಂದ ಅದು ಬರುತ್ತದೆ.