ಬಿರುಕು ಬೆಳೆಯುತ್ತಿದೆಯೋ, ನಿಂತಿದೆಯೋ?

ಗೆಳೆಯರೇ, ನಮ್ಮ ಕೆರೆ ಏರಿಯ ಕಲ್ಲುಮಂಟಪ ಬಿರುಕು ಬಿಟ್ಟಿದೆ, ಕೆಡವಿಬಿಡಿ ಎಂದು ಊರಲ್ಲಿ ಮಾತು ಎದ್ದಿದೆ. ಮಳೆ ಬಂದರೆ ನಾವೆಲ್ಲ ಓಡಿಹೋಗಿ ನಿಲ್ಲೋದು ಅಲ್ಲೇ ತಾನೇ?

ಹಳೆಯದಾದ ಮಾತ್ರಕ್ಕೆ ಕಲ್ಲುಕಟ್ಟಡ ಬೀಳುವುದಿಲ್ಲ. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ನೊಳಂಬರ ಕಾಲದ, ಸುಮಾರು 10ನೇ ಶತಮಾನದ ಗುಡಿಗಳು ಇಂದಿಗೂ ನಿಂತಿವೆ. ಬಿರುಕು ಎಲ್ಲಿದೆ ಎಂಬುದು ಮುಖ್ಯ. ಕಲ್ಲು ಭಾರ ಹೊರುತ್ತದೆ, ಆದರೆ ಎಳೆತ ತಡೆಯದು. ಭಾರಕ್ಕೆ ತೊಲೆ ಬಾಗಿದಾಗ ಅದರ ಅಡಿಭಾಗ ಎಳೆತಕ್ಕೆ ಸಿಗುತ್ತದೆ. ಆದ್ದರಿಂದ ತೊಲೆಯ ನಟ್ಟನಡುವೆ, ಕೆಳಗಡೆ ನೋಡಬೇಕು. ನಾನು ನೋಡಿದೆ. ನಮ್ಮ ಬಿರುಕು ಸರಿಯಾಗಿ ಅಲ್ಲೇ ಇದೆ!

ಗಾರೆ ಕೆಲಸ ಮಾಡಿದ ನಮ್ಮ ತಾತ ಹೇಳಿದರು: "ಬಿರುಕಿಗೆ ಅಡ್ಡಲಾಗಿ ತೆಳ್ಳನೆ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೀಬೇಕು ಕಣಪ್ಪ. ಗಾಜು ಒಡೀತು ಅಂದ್ರೆ ಬಿರುಕು ಬೆಳೀತಾ ಐತೆ." ಬಿಸಿಲಿಗೆ ಕಲ್ಲು ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಹಾಗಾಗಿ ಒಂದು ವರ್ಷವಾದರೂ ಕಾಯಬೇಕಂತೆ. (ಆವಣಿಯಂಥ ರಕ್ಷಿತ ಗುಡಿಗಳಲ್ಲಿ ನಾವು ಏನನ್ನೂ ಅಂಟಿಸಬಾರದು.)

ಮಂಟಪದ ಚಾವಣಿ ಸಂದಿಯಲ್ಲಿ ಅರಳಿ ಸಸಿಯೂ ಇದೆ. ಬೇರು ದಪ್ಪವಾದರೆ ಕಲ್ಲನ್ನೇ ಸರಿಸುತ್ತದೆ, ಸಂದಿಯಲ್ಲಿ ನೀರು ಇಳಿಯುತ್ತದೆ.

ಹೋದ ಭಾನುವಾರ ತಾತ ತೊಲೆಗೆ ಮರದ ಕಂಬಗಳ ಆಸರೆ ಕೊಟ್ಟು, ಆಮೇಲೆ ಗಾಜು ಅಂಟಿಸಿದರು. ದಿನಾ ಸಂಜೆ ನಾನು ದೂರದಿಂದಲೇ ನೋಡಿ ಬರುತ್ತೇನೆ. ಅಲ್ಲಿವರೆಗೂ ಮಳೆ ಬಂದರೂ ಯಾರೂ ಆ ತೊಲೆಯ ಕೆಳಗೆ ನಿಲ್ಲಬೇಡಿ.