ನಿಮ್ಮಪ್ಪನ ಕಂಪ್ಯೂಟರಿಗೆ ದೂರದಿಂದ ಕೈಹಾಕುವ ಮುನ್ನ

ನೋಡಮ್ಮ, ಊರಲ್ಲಿರುವ ನಿಮ್ಮಪ್ಪನ ಕಂಪ್ಯೂಟರನ್ನು ಬೆಂಗಳೂರಿನಿಂದಲೇ ಸರಿಮಾಡಿಕೊಡುತ್ತೇನೆ ಅಂತಿದ್ದೀಯ. ಬಹಳ ಒಳ್ಳೆಯದು. "ಕೆಳಗೆ ಎಡಗಡೆ ಒತ್ತಿ... ಅದಲ್ಲ, ಅದರ ಪಕ್ಕದ್ದು" ಅಂತ ಫೋನಿನಲ್ಲಿ ಇಬ್ಬರೂ ಸುಸ್ತಾಗುವುದು ತಪ್ಪುತ್ತದೆ.

ವಿಂಡೋಸ್‌ನದೇ ಕ್ವಿಕ್ ಅಸಿಸ್ಟ್ ಸಾಕು. ಕಂಟ್ರೋಲ್, ವಿಂಡೋಸ್, ಕ್ಯೂ ಮೂರನ್ನೂ ಒಟ್ಟಿಗೆ ಒತ್ತಿದರೆ ತೆರೆಯುತ್ತದೆ. ಮೈಕ್ರೋಸಾಫ್ಟ್ ಖಾತೆ ಬೇಕಾಗಿರುವುದು ನಿನಗೆ, ಅವರಿಗಲ್ಲ. ನಿನಗೆ ಬಂದ ಕೋಡನ್ನು ನೀನು ಓದು, ಅವರು ಟೈಪ್ ಮಾಡಲಿ. ಪರದೆ ತೋರಿಸಲು ಒಮ್ಮೆ, ಮೌಸ್ ಬಿಟ್ಟುಕೊಡಲು ಇನ್ನೊಮ್ಮೆ ಅವರು ಒಪ್ಪಬೇಕು. ಕೋಡ್ ಇರುವುದು 10 ನಿಮಿಷ. ಕನ್ನಡಕ ಹುಡುಕುವಷ್ಟರಲ್ಲಿ ಅದು ಮುಗಿದರೆ ಬೇಸರಪಡದೆ ಹೊಸದು ಕೊಡು.

ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಪಿನ್ ಇಟ್ಟುಕೊಂಡು ಯಾವಾಗ ಬೇಕಾದರೂ ಒಳಹೋಗಬಹುದು. ಅದು ಬೇಡ. ಅವರ ಪತ್ರಗಳು, ಬ್ಯಾಂಕಿನ ಲೆಕ್ಕ ಎಲ್ಲ ಅಲ್ಲಿರುತ್ತವೆ. ಮಗಳಾದರೂ ಕೇಳಿಯೇ ಹೋಗಬೇಕು. ದೂರದಿಂದ ಒಳಹೋಗಲು ರೌಟರಿನಲ್ಲಿ 3389ನೇ ಪೋರ್ಟ್ ತೆರೆದಿಡು ಅಂತ ಯಾರಾದರೂ ಹೇಳಿದರಂತೂ ಕಿವಿಗೇ ಹಾಕಿಕೊಳ್ಳಬೇಡ.

ನನಗಿರುವ ಭಯ ಬೇರೆ. ಇಂಥ ಸಾಧನಗಳು ವಂಚಕರ ಕೈಯಲ್ಲೂ ಇವೆ. ಎನಿಡೆಸ್ಕ್ ಎಂಬ ಇಂಥದೇ ಆ್ಯಪ್‌ನ 9 ಅಂಕಿಯ ಕೋಡ್ ಕೇಳಿ ಪಡೆದು, ಯುಪಿಐ ಮೂಲಕ ಹಣ ಲಪಟಾಯಿಸುತ್ತಾರೆ ಅಂತ 2019ರ ಫೆಬ್ರವರಿಯಲ್ಲೇ ರಿಸರ್ವ್ ಬ್ಯಾಂಕ್ ಎಚ್ಚರಿಸಿತ್ತು. ಆ್ಯಪ್‌ನದು ತಪ್ಪಲ್ಲ, ನಂಬಿಸಿ ಒಳನುಗ್ಗಿದವರದು. ನಿನ್ನ ಮಾತು ಕೇಳಿ ಕೇಳಿ ಒಪ್ಪಿಗೆ ಒತ್ತುವುದು ನಿಮ್ಮಪ್ಪನಿಗೆ ರೂಢಿಯಾಗಿಬಿಡುತ್ತದೆ. ನಾಳೆ ಇನ್ಯಾರೋ "ಬ್ಯಾಂಕಿನಿಂದ ಮಾತಾಡ್ತಿದ್ದೀವಿ ಸಾರ್" ಅಂದರೆ? ಅದಕ್ಕೇ ಮೊದಲು ಬೇಡ ಅನ್ನುವುದನ್ನು ಕಲಿಸು. ಸಹಾಯ ಬೇಕಾದಾಗ ಅವರೇ ನಿನ್ನ ನಂಬರಿಗೆ ಫೋನ್ ಮಾಡಬೇಕು. ತಾವಾಗಿ ಫೋನ್ ಮಾಡಿ ಕೋಡ್ ಹೇಳುವವರು, ಕೇಳುವವರು ನಿನ್ನ ಹೆಸರೇ ಹೇಳಲಿ, ಫೋನ್ ಇಟ್ಟುಬಿಡಬೇಕು. ನಿನ್ನ ನಂಬರು, ಸೈಬರ್ ಸಹಾಯವಾಣಿಯ 1930, ಎರಡನ್ನೂ ದಪ್ಪಕ್ಷರದಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸು.

ಒಳಗೆ ಹೋದಮೇಲೆ ಮೌಸನ್ನು ಸರಸರ ಓಡಿಸಬೇಡ. ಏನು ಮಾಡುತ್ತಿದ್ದೀಯ ಅಂತ ಹೇಳುತ್ತಾ ಹೋಗು. ಪ್ರಿಂಟರ್ ಎಲ್ಲಿ ಆರಿಸಬೇಕೆಂದು ತೋರಿಸಿ, ಒತ್ತುವುದನ್ನು ಅವರಿಗೇ ಬಿಡು. ಕೆಲಸ ಮುಗಿದ ಮೇಲೆ ಸಂಪರ್ಕ ಕಡಿಯುವುದನ್ನೂ ಅವರೇ ಮಾಡಲಿ.

ಇದನ್ನೆಲ್ಲ ಹಬ್ಬಕ್ಕೆ ಹೋದಾಗಲೇ ಮುಗಿಸು. ನೀನು ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತು, ಅವರಿಂದ ಫೋನ್ ಮಾಡಿಸಿ, ಮೊದಲಿನಿಂದ ಕೊನೆಯವರೆಗೆ ನಡೆಸಿ ನೋಡು. ನಿಮ್ಮಮ್ಮನನ್ನೂ ಕೂರಿಸಿಕೋ. ಅಪ್ಪ ಪೇಟೆಗೆ ಹೋಗಿದ್ದಾಗ ಅಂಥ ಕರೆ ಬಂದರೆ ಎತ್ತುವವರು ಅವರೇ.