ಬಿಡುಗಡೆಗೆ ಎರಡು ತಿಂಗಳು ಮುಂಚಿನ ಡೂಮ್

ವೀಡಿಯೊ ಆಟವನ್ನು ನೀವು ಇದುವರೆಗೆ ಮುಟ್ಟಿಯೇ ಇಲ್ಲವೆಂದರೂ ಅಡ್ಡಿಯಿಲ್ಲ. ಕುತೂಹಲವಿದ್ದರೆ ಸಾಕು, ಉಳಿದದ್ದನ್ನು ಒಂದೊಂದಾಗಿ ನೋಡೋಣ.

ಮೊದಲು ಆಟದ ಬಗೆ ತಿಳಿಯಲಿ. ಹಲವು ಆಟಗಳಲ್ಲಿ ನಿಮ್ಮ ಪಾತ್ರ ಪರದೆಯ ಮೇಲೆ ಓಡಾಡುವುದು ನಿಮಗೆ ಕಾಣುತ್ತದೆ. ‘ಫಸ್ಟ್ ಪರ್ಸನ್ ಶೂಟರ್’ ಎಂಬ ಬಗೆಯಲ್ಲಿ ಹಾಗಲ್ಲ. ಪಾತ್ರದ ಕಣ್ಣಿಗೆ ಬೀಳುವುದಷ್ಟೇ ನಿಮಗೂ ಕಾಣುತ್ತದೆ: ಕೆಳಗೆ ಬಂದೂಕು ಹಿಡಿದ ಕೈ, ಎದುರಿಗೆ ಓಣಿ, ತಿರುವಿನಾಚೆ ರಾಕ್ಷಸ. ಈ ಬಗೆಯನ್ನು ಜಗತ್ತಿನೆಲ್ಲೆಡೆ ಹಬ್ಬಿಸಿದ ಆಟ ಡೂಮ್. ಅಮೆರಿಕದ ಟೆಕ್ಸಾಸ್‌ನಲ್ಲಿದ್ದ ಐಡಿ ಸಾಫ್ಟ್‌ವೇರ್ ಎಂಬ ಪುಟ್ಟ ಕಂಪನಿ 1993ರ ಡಿಸೆಂಬರ್ 10ರಂದು ಅದನ್ನು ಬಿಡುಗಡೆ ಮಾಡಿತು. ಮೂರು ಅಧ್ಯಾಯಗಳಲ್ಲಿ ಮೊದಲನೆಯದನ್ನು ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಿತ್ತು. ಉಳಿದೆರಡಕ್ಕೆ ಹಣ ಕೊಡಬೇಕಿತ್ತು. ಈ ಪದ್ಧತಿಗೆ ಶೇರ್‌ವೇರ್ ಎನ್ನುತ್ತಾರೆ.

ಇನ್ನೊಂದು ಪದ ‘ಬಿಲ್ಡ್’. ಆಟ ತಯಾರಾಗುತ್ತಿರುವಾಗ, ಅಲ್ಲಿಯವರೆಗಿನ ಕೆಲಸವನ್ನೆಲ್ಲ ಜೋಡಿಸಿ ಆಡಿ ನೋಡಲು ಬರುವಂಥ ಒಂದು ಪ್ರತಿಯನ್ನು ಆಗಾಗ ಮಾಡುತ್ತಾರೆ. ಅದೇ ಬಿಲ್ಡ್. ತೀರ ಎಳೆಯದು ಆಲ್ಫಾ, ಬಿಡುಗಡೆಗೆ ಹತ್ತಿರದ್ದು ಬೀಟಾ. ತೆಂಗಿನಗುಂಡಿ ಬಂದರಿನಲ್ಲಿ ಹೊಸ ದೋಣಿಯನ್ನು ಮೀನಿಗೆ ಕಳಿಸುವ ಮುಂಚೆ ನೀರಿಗಿಳಿಸಿ, ಎಲ್ಲಿ ಒಸರುತ್ತದೆ, ಎಂಜಿನ್ ಹೇಗೆ ಎಳೆಯುತ್ತದೆ ಎಂದು ನೋಡುವುದಿಲ್ಲವೆ, ಇದೂ ಹಾಗೆಯೇ. ಆದರೆ ದೋಣಿಯ ಪರೀಕ್ಷೆಯಲ್ಲಿ ಸಿಗುವುದು ದೋಷ ಮಾತ್ರ. ಆಟದ ಪರೀಕ್ಷಾ ಪ್ರತಿಯಲ್ಲಿ ತಯಾರಕರು ಮನಸ್ಸು ಬದಲಿಸಿದ್ದೂ ಸಿಗುತ್ತದೆ.

ಡೂಮ್‌ನ ಇಂಥ ಹಲವು ಪ್ರತಿಗಳು ಉಳಿದುಬಂದಿವೆ. 1993ರ ಫೆಬ್ರವರಿ 4ರ ಆಲ್ಫಾದಲ್ಲಿ ನೀವು ಓಡಾಡಬಹುದು, ಅಷ್ಟೆ. ರಾಕ್ಷಸರು ಮೈಮೇಲೆ ಬರುವುದಿಲ್ಲ. ಹೊಸಬರಿಗೆ ನಾನು ತೋರಿಸುವುದು ಅದನ್ನಲ್ಲ, ಅಕ್ಟೋಬರ್ 4ರ ಬೀಟಾವನ್ನು. ಪತ್ರಿಕೆಗಳವರಿಗೆಂದು ಮಾಡಿದ ಪ್ರತಿ ಅದು. ಇರುವುದು ಮೂರೇ ಹಂತ. ರಾಕ್ಷಸರು ಮಾತ್ರ ಚೆನ್ನಾಗಿಯೇ ಬೆನ್ನಟ್ಟುತ್ತಾರೆ.

ಇದರಲ್ಲಿ ಮೊದಲು ಗಮನಿಸಬೇಕಾದದ್ದು ಅಂಕ. ದಾರಿಯಲ್ಲಿ ಕಠಾರಿ, ಬುರುಡೆ ಕೆತ್ತಿದ ಪೆಟ್ಟಿಗೆ ಮುಂತಾದ ನಿಧಿಗಳು ಬಿದ್ದಿರುತ್ತವೆ. ಎತ್ತಿಕೊಂಡರೆ ಅಂಕ ಏರುತ್ತದೆ. ಜೊತೆಗೆ ನಿಮಗೆ ಇಂತಿಷ್ಟೇ ‘ಜೀವ’ಗಳು. ಇದೇ ಕಂಪನಿಯ 1992ರ ಆಟ ವುಲ್ಫೆನ್‌ಸ್ಟೈನ್ 3ಡಿಯಲ್ಲೂ ಈ ಎರಡೂ ಇದ್ದವು. ಇವುಗಳ ಮೂಲ ನಾಣ್ಯ ಹಾಕಿ ಆಡುವ ಯಂತ್ರಗಳು: ಜೀವ ಮುಗಿದರೆ ಇನ್ನೊಂದು ನಾಣ್ಯ. ಮನೆಯ ಕಂಪ್ಯೂಟರಿನಲ್ಲಿ ನಾಣ್ಯ ಹಾಕುವವರು ಯಾರು? ಡಿಸೆಂಬರಿನ ಡೂಮ್‌ನಲ್ಲಿ ಅಂಕವೂ ಇಲ್ಲ, ಜೀವಗಳ ಎಣಿಕೆಯೂ ಇಲ್ಲ. ಸತ್ತರೆ ಅದೇ ಹಂತವನ್ನು ಪಿಸ್ತೂಲಿನಿಂದ ಮತ್ತೆ ಶುರುಮಾಡುತ್ತೀರಿ. ಇಡೀ ಆಟದಲ್ಲಿ ಅವರು ಮಾಡಿದ ಅತ್ಯಂತ ಜಾಣ ಕೆಲಸ ಇದೇ ಎಂದು ನನ್ನ ಎಣಿಕೆ. ನೆಲದ ಮೇಲೆ ನಿಧಿಯಿದ್ದರೆ ಕಣ್ಣು ಅದರ ಮೇಲೆಯೇ. ನಿಧಿ ಹೋದರೆ ಕತ್ತಲಿನ ಮೇಲೆ.

ಬಿಎಫ್‌ಜಿ ಎಂಬ ದೊಡ್ಡ ಆಯುಧವೂ ಬೀಟಾದಲ್ಲಿ ಬೇರೆ. ಒಮ್ಮೆ ಒತ್ತಿದರೆ ಕೆಂಪು, ಹಸಿರು ಉಂಡೆಗಳು ರಾಶಿರಾಶಿಯಾಗಿ ಚಿಮ್ಮುತ್ತವೆ. ಬಿಡುಗಡೆಯಾದ ಆಟದಲ್ಲಿ ಉಳಿದದ್ದು ಒಂದೇ ದೊಡ್ಡ ಹಸಿರು ಗೋಳ. ಉಂಡೆಗಳ ಗಲಾಟೆ ಹೋದದ್ದಕ್ಕೆ ನನಗೇನೂ ಬೇಸರವಿಲ್ಲ.

ಟಾಮ್ ಹಾಲ್ ಎಂಬ ವಿನ್ಯಾಸಕಾರರ ವಿಷಯ ಬೇರೆ. ಡೂಮ್‌ಗೆ ಅವರು ವಿವರವಾದ ಕಥೆ ಬರೆದಿದ್ದರು. ಆಟದ ತಂತ್ರಾಂಶ ಬರೆದ ಜಾನ್ ಕಾರ್ಮ್ಯಾಕ್ ಮತ್ತಿತರರಿಗೆ ಅಷ್ಟು ಕಥೆ ಬೇಕಿರಲಿಲ್ಲ; ಹಾಲ್ ಆಗಸ್ಟ್‌ನಲ್ಲೇ ಕಂಪನಿ ಬಿಟ್ಟರು. ಆದರೂ ಪೆಟ್ಟಿಗೆಗಳನ್ನು ಪೇರಿಸಿಟ್ಟ ಅವರ ಗೋದಾಮು ಬೀಟಾದಲ್ಲಿದೆ. ಇನ್ನೊಬ್ಬ ವಿನ್ಯಾಸಕಾರ ಸ್ಯಾಂಡಿ ಪೀಟರ್ಸನ್ ಕೈಯಾಡಿಸಿದ ಮೇಲೆ ಅದೇ ಎರಡನೆಯ ಅಧ್ಯಾಯದ ಎರಡನೆಯ ಹಂತವಾಯಿತು.

ನೋಡುವ ಮನಸ್ಸಾಯಿತೆ? ಈ ಪ್ರತಿಗಳು ಡಾಸ್ ಎಂಬ ಹಳೆಯ ವ್ಯವಸ್ಥೆಗೆ ಬರೆದವು. ಇಂದಿನ ಕಂಪ್ಯೂಟರಿನಲ್ಲಿ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಆ ವ್ಯವಸ್ಥೆಯನ್ನು ಅನುಕರಿಸಿ ಅವನ್ನು ಓಡಿಸುತ್ತದೆ. ಬೀಟಾದಿಂದ ಶುರುಮಾಡಬೇಡಿ. ಶೇರ್‌ವೇರ್ ಅಧ್ಯಾಯದ ಮೊದಲ ಎರಡು ಹಂತಗಳನ್ನು ನಿಧಾನವಾಗಿ ಆಡಿ, ಬಾಗಿಲುಗಳು ಎಲ್ಲಿವೆ ಎಂಬುದು ನೆನಪಿನಲ್ಲಿ ನಿಲ್ಲಲಿ. ಆಮೇಲೆ ಬೀಟಾ ತೆರೆಯಿರಿ. ನೀವು ಆಗಷ್ಟೇ ಆಡಿದ ಎರಡನೆಯ ಹಂತದ ಹಳೆಯ ರೂಪವೂ ಅದರಲ್ಲಿದೆ.